ಹೆಬ್ಬಾಳದಿಂದ ಹಗೇವಿಗೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದು ಮನೆತನದ ಸ್ಥಿತಿಗತಿಯನ್ನು ಅರಿಯಬಯಸಿದವನು ಆ ಮನೆಯ ಗೋಡೆಯನ್ನಾಗಲಿ ಮಾಡನ್ನಾಗಲಿ ನೋಡದೆ, ಅಂಗಳದ ನೆಲದಡಿ ತೋಡಿದ ಹಗೇವು ಎಷ್ಟು ಆಳವಾದುದು, ಅದರಲ್ಲಿ ಎಷ್ಟು ಖಂಡುಗ ರಾಗಿ ಹಿಡಿಯುವುದು, ತುಂಬಿದ ರಾಗಿ ಯಾವ ತಿಂಗಳವರೆಗೆ ಬರುವುದು ಎಂಬುದನ್ನು ವಿಚಾರಿಸುತ್ತಿದ್ದ ಕಾಲವೊಂದಿತ್ತು. ಹಗೇವಿನ ಬಾಯಿ ತೆಗೆಯುವ ದಿನ ಮನೆಯವರೆಲ್ಲರೂ ಅದರ ಸುತ್ತ ನೆರೆಯುತ್ತಿದ್ದರು. ಒಳಗಿನ ಗಾಳಿ ಕೆಟ್ಟಿರಬಹುದೆಂಬ ಭಯದಿಂದ ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ಕಂಡ ಮೇಲೆಯೇ ಮನುಷ್ಯನನ್ನು ಇಳಿಸುತ್ತಿದ್ದರು. ಉಳ್ಳವರ ಹಗೇವು ಮುಂದಿನ ಸುಗ್ಗಿಯವರೆಗೂ ಬರುತ್ತಿತ್ತು. ಇಲ್ಲದವರದು ಆಷಾಢಕ್ಕೆ ತಳ ಕಾಣುತ್ತಿತ್ತು. ಆಮೇಲೆ ಕಾರ್ತಿಕ ಕಳೆದು ಹೊಸ ರಾಗಿ ಕಣಕ್ಕೆ ಬರುವವರೆಗಿನ ತಿಂಗಳುಗಳನ್ನು ದೂಡುವುದಕ್ಕಾಗಿ ಸಾಹುಕಾರನ ಮನೆಯ ಬಾಗಿಲಿಗೆ ಹೋಗಿ, ಒಂದು ಪಲ್ಲಕ್ಕೆ ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆದುಕೊಡುವೆನೆಂದು ಮಾತು ಕೊಟ್ಟು ರಾಗಿ ತರಬೇಕಾಗಿತ್ತು. ಹೀಗೆ ಬಡವನು ತಾನು ಬೆಳೆದ ರಾಗಿಯನ್ನು ಬೆಳೆಯುವುದಕ್ಕೆ ಮುಂಚೆಯೇ ತಿಂದು ಮುಗಿಸಿರುತ್ತಿದ್ದನು. ನಮ್ಮ ಬಯಲುಸೀಮೆಯ ಬಡತನವೆಂದರೆ ಬಹುಮಟ್ಟಿಗೆ ಈ ನಾಲ್ಕೈದು ತಿಂಗಳ ಅಂತರವೇ.

ಈ ಅಂತರವನ್ನು ಕಿರಿದುಗೊಳಿಸುವುದರಲ್ಲಿ ವಿಶ್ವವಿದ್ಯಾನಿಲಯವೊಂದು ಏನು ಮಾಡಬಲ್ಲುದು? ಪದವಿ ಪಡೆದ ಮಗನು ಪಟ್ಟಣದಲ್ಲಿ ಉದ್ಯೋಗ ಹಿಡಿದು ಮನೆಗೆ ಹಣ ಕಳುಹಿಸುವನೆಂಬುದು ಸಾಮಾನ್ಯವಾದ ಉತ್ತರ, ಅದು ಸುಳ್ಳಲ್ಲ. ಆದರೆ ಆ ಉತ್ತರದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವನಿಗೆ ಮಾತ್ರ ಸ್ಥಾನವುಂಟು. ಕಾಲೇಜನ್ನು ಕಣ್ಣಿನಿಂದಲೂ ಕಾಣದ, ಎರಡು ಎಕರೆ ಕೆಮ್ಮಣ್ಣಿನ ಹೊಲವನ್ನೂ ಆಕಾಶವನ್ನೂ ನಂಬಿ ಕುಳಿತ ಮನೆಯ ಹಗೇವಿಗೆ ವಿದ್ಯೆಯು ಯಾವ ದಾರಿಯಿಂದ ಇಳಿಯಬಹುದೆಂಬುದು ನನ್ನ ಪ್ರಶ್ನೆ. ಅದಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ, ಅದರಲ್ಲಿಯೂ ರಾಗಿಯ ಕತೆಯಲ್ಲಿ, ಉತ್ತರವೊಂದು ದೊರೆಯುತ್ತದೆ.

ಈ ಸಂಸ್ಥೆಯ ಬೇರು ಅದರ ಹೆಸರಿಗಿಂತ ಹಳೆಯದು. 1899ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಮೂವತ್ತು ಎಕರೆ ಭೂಮಿಯನ್ನು ವ್ಯವಸಾಯದ ಪ್ರಯೋಗಗಳಿಗೆಂದು ಬಿಟ್ಟುಕೊಟ್ಟರು. ಕೆನಡಾ ದೇಶದಿಂದ ಬಂದು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ತೋಟದವರ ಕೈಗೆ ಕೊಟ್ಟು, ಅನಂತರ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1913ರ ಸುಮಾರಿಗೆ, ರಾಗಿಯ ತಳಿಗಳ ಶೋಧನೆ ಕ್ರಮಬದ್ಧವಾಗಿ ಆರಂಭವಾಯಿತು. ರೈತರ ಹೊಲಗಳಲ್ಲಿದ್ದ ಬೆರಕೆ ರಾಗಿಯಿಂದ ಒಳ್ಳೆಯ ತೆನೆಗಳನ್ನು ಆಯ್ದು, ಬೇರೆ ಬೇರೆಯಾಗಿ ಬಿತ್ತಿ, ಹೋಲಿಸಿ, 1918ರಲ್ಲಿ ಎಚ್-22 ಎಂಬ ತಳಿಯನ್ನು ಹೊರತಂದರು. ಗೋಧಿ, ಭತ್ತ, ಹತ್ತಿಗಳಂತೆ ವ್ಯಾಪಾರದ ಪೈರಲ್ಲದ, ಅರಮನೆಗಳಿಗಿಂತ ಗುಡಿಸಲುಗಳಿಗೆ ಹೆಚ್ಚು ಬೇಕಾದ ಧಾನ್ಯವೊಂದರ ಮೇಲೆ ಸರ್ಕಾರಿ ವಿಜ್ಞಾನಿಗಳ ದೃಷ್ಟಿ ಅಷ್ಟು ಮೊದಲೇ ಬಿದ್ದುದು ನಮ್ಮ ನಾಡಿನ ಸುಕೃತವೆಂದೇ ನಾನು ಭಾವಿಸುತ್ತೇನೆ.

ಸ್ವಾತಂತ್ರ್ಯಾನಂತರ ರಾಧಾಕೃಷ್ಣನ್ ಆಯೋಗವು ಗ್ರಾಮೀಣ ವಿಶ್ವವಿದ್ಯಾನಿಲಯಗಳ ಅವಶ್ಯಕತೆಯನ್ನು ಪ್ರತಿಪಾದಿಸಿತು. 1960ರಲ್ಲಿ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾನಿಲಯ ಏರ್ಪಟ್ಟಿತು. ಮೈಸೂರು ರಾಜ್ಯದ ಶಾಸನ 1963ರಲ್ಲಿ ಆಗಿ, ಮರುವರ್ಷ ಕೆ. ಸಿ. ನಾಯಕರು ಪ್ರಥಮ ಕುಲಪತಿಗಳಾಗಿ ಇಲ್ಲಿಯ ವಿಶ್ವವಿದ್ಯಾನಿಲಯ ಕೆಲಸಕ್ಕೆ ತೊಡಗಿತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕರ್ತವ್ಯಗಳನ್ನು ಒಂದೇ ಸೂರಿನಡಿ ತಂದುದು ಈ ಬಗೆಯ ಸಂಸ್ಥೆಗಳ ವೈಶಿಷ್ಟ್ಯ. ಪಾಠ ಹೇಳುವವನೇ ಹೊಲದಲ್ಲಿ ಪ್ರಯೋಗ ಮಾಡಬೇಕು. ಪ್ರಯೋಗ ಮಾಡಿದವನು ಅದರ ಫಲವನ್ನು ರೈತನ ಮುಂದೆ ಇಟ್ಟು ಅವನ ಆಕ್ಷೇಪಣೆಗೆ ಉತ್ತರ ಹೇಳಬೇಕು. ಮೂರನೆಯದಾದ ಈ ವಿಸ್ತರಣೆಯೆಂಬ ಮಾತು ಕಾಗದದಲ್ಲಿ ಸಣ್ಣದಾಗಿ ಕಂಡರೂ, ಬಡವನ ಮಟ್ಟಿಗೆ ವಿಶ್ವವಿದ್ಯಾನಿಲಯದ ಹೆಬ್ಬಾಗಿಲು ಅದೇ.

ಈಗ ಮಂಡ್ಯದ ವಿ. ಸಿ. ಫಾರಂಗೆ ಬರೋಣ. ಕೋಲ್ಮನ್ನರ ಕಾಲದಲ್ಲಿಯೇ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೆಲೆಗೊಂಡು, ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಈ ಕ್ಷೇತ್ರದಲ್ಲಿ, ಜನರು ಪ್ರೀತಿಯಿಂದ ರಾಗಿ ಲಕ್ಷ್ಮಣಯ್ಯನವರೆಂದು ಕರೆದ ವಿಜ್ಞಾನಿ ತಮ್ಮ ಆಯುಷ್ಯದ ಬಹುಭಾಗವನ್ನು ಒಂದೇ ಧಾನ್ಯಕ್ಕೆ ಮುಡಿಪಾಗಿಟ್ಟರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ಅವರ ತಳಿಗಳ ಹೆಸರನ್ನು ಕೇಳಿದರೆ ಮನೆಯ ಹೆಣ್ಣುಮಕ್ಕಳನ್ನು ಕರೆದಂತೆ ತೋರುತ್ತದೆ. ಆದರೆ ಅವರ ಮಹತ್ಕಾರ್ಯ ಅದರ ತರುವಾಯದ್ದು. ರಾಗಿಯ ಮೂಲ ಆಫ್ರಿಕಾದ ಎತ್ತರದ ನಾಡುಗಳು. ಅಲ್ಲಿಂದ ಸಹಸ್ರಾರು ವರ್ಷಗಳ ಹಿಂದೆ ಹೊರಟು ಬಂದ ಒಂದು ಕವಲು ನಮ್ಮ ಕೆಮ್ಮಣ್ಣಿಗೆ ಒಗ್ಗಿ ನಮ್ಮದೇ ಆಗಿಹೋಯಿತು. ಅಲ್ಲಿ ಉಳಿದ ದಾಯಾದಿ ದಪ್ಪ ತೆನೆ, ಗಟ್ಟಿ ಕಡ್ಡಿ, ರೋಗವನ್ನು ತಡೆಯುವ ಗುಣ, ಇವುಗಳನ್ನು ಕಾಪಾಡಿಕೊಂಡಿತ್ತು. ಇಲ್ಲಿಗೆ ಬಂದದ್ದು ಬೇಗ ಮಾಗುವ ಗುಣವನ್ನು ಗಳಿಸಿಕೊಂಡಿತ್ತು. ಬಹುಕಾಲ ಅಗಲಿದ್ದ ಈ ಎರಡು ಕವಲುಗಳನ್ನು ಲಕ್ಷ್ಮಣಯ್ಯನವರು ಮತ್ತೆ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳ ಮೊದಲಕ್ಷರಗಳಿಂದ ‘ಇಂಡಾಫ್’ ಎಂಬ ಹೆಸರು ಹುಟ್ಟಿತು.

ಕೂಡಿಸಿದರೆಂದು ಒಂದು ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆ ಕೆಲಸವನ್ನು ನೋಡಿದವನಿಗೆ ಹಾಗೆ ಹೇಳಲು ಮನಸ್ಸು ಬಾರದು. ರಾಗಿಯ ಹೂವು ಬಹಳ ಸಣ್ಣದು. ಅದು ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ. ಅರಳುವ ಹೊತ್ತಿಗೆ ತನ್ನ ಪರಾಗವನ್ನು ತಾನೇ ಬಹುಮಟ್ಟಿಗೆ ಸ್ವೀಕರಿಸಿ ಮುಗಿಸಿರುತ್ತದೆ. ಅಕ್ಟೋಬರ್ ತಿಂಗಳ ಒಂದು ನಸುಕಿನಲ್ಲಿ ಪ್ರಯೋಗದ ತಾಕಿನ ಬದುವಿನ ಮೇಲೆ ನಿಂತು ನಾನು ನೋಡಿದೆ: ಇಬ್ಬನಿಯಿಂದ ತೊಯ್ದ ಸಾಲಿನ ನಡುವೆ ತಲೆಗೆ ಟವಲು ಸುತ್ತಿದ ಸಹಾಯಕನೊಬ್ಬನು ಟಾರ್ಚನ್ನು ಕಂಕುಳಲ್ಲಿರುಕಿಕೊಂಡು, ಹಸಿರು ಗೆಣ್ಣಿನ ಗಿಡದ ತೆನೆಯೊಂದನ್ನೂ ನೇರಳೆ ಗೆಣ್ಣಿನ ಗಿಡದ ತೆನೆಯೊಂದನ್ನೂ ಮುಖಾಮುಖಿಯಾಗಿ ತಂದು, ಬೆರಳುಗಳಂತಿರುವ ಇಲುಕುಗಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಸೇರಿಸಿ, ದಾರದಿಂದ ಕಟ್ಟಿ, ಮೇಲೆ ಕಾಗದದ ಚೀಲ ತೊಡಿಸುತ್ತಿದ್ದನು. ಹಾಗೆ ಕಟ್ಟಿದ ತೆನೆಯಲ್ಲಿ ನೂರಾರು ಕಾಳು ಕಟ್ಟಿದರೂ ನಿಜವಾಗಿ ಸಂಕರವಾದವು ಬೆರಳೆಣಿಕೆಯಷ್ಟು. ಅವು ಯಾವುವೆಂದು ಕಾಳಿನಿಂದ ತಿಳಿಯದು. ಎಲ್ಲವನ್ನೂ ಬಿತ್ತಿ, ಪೈರು ಬೆಳೆದ ಮೇಲೆ ಹಸಿರು ತಾಯಿಯ ಮಕ್ಕಳ ನಡುವೆ ಗೆಣ್ಣು ನೇರಳೆಯಾದ ಗಿಡ ಎಲ್ಲಿದೆಯೆಂದು ಬಗ್ಗಿ ಬಗ್ಗಿ ಹುಡುಕಬೇಕು. ಸಿಕ್ಕಿದ ಒಂದೆರಡು ಗಿಡಗಳಿಂದ ತಲೆಮಾರಿನ ಮೇಲೆ ತಲೆಮಾರು ಬೆಳೆಸಿ, ಆಯ್ದು, ಹಲವು ಜಿಲ್ಲೆಗಳ ಮಣ್ಣಿನಲ್ಲಿ ಪರೀಕ್ಷಿಸಿ, ಒಂದು ತಳಿಯನ್ನು ರೈತನ ಕೈಗೆ ಕೊಡುವಷ್ಟರಲ್ಲಿ ಎಂಟು ಹತ್ತು ವರ್ಷಗಳು ಸಂದಿರುತ್ತವೆ.

1970ರ ದಶಕದಿಂದ ಇಂಡಾಫ್ ತಳಿಗಳು ಒಂದೊಂದಾಗಿ ಹೊಲಕ್ಕೆ ಬಂದುವು. ಆ ತಲೆಮಾರಿನೊಳಗೆ, ನಮ್ಮ ರಾಜ್ಯದ ರಾಗಿಯ ಇಳುವರಿ, ಮುಖ್ಯವಾಗಿ ಮಳೆಯನ್ನೇ ನಂಬಿದ ನೆಲದಲ್ಲಿ, ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇಂದು ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಕರ್ನಾಟಕದ್ದು. ಆಷಾಢಕ್ಕೆ ಬರಿದಾಗುತ್ತಿದ್ದ ಹಗೇವು ಸುಗ್ಗಿಯವರೆಗೂ ಬಂದ ಮನೆಗಳು ಎಷ್ಟೆಂದು ಲೆಕ್ಕವಿಟ್ಟವರಾರು?

ಇಳುವರಿಗಿಂತಲೂ ನನ್ನ ಮನಸ್ಸನ್ನು ಹಿಡಿದ ಸಂಗತಿ ಇನ್ನೊಂದುಂಟು. ವಿಜ್ಞಾನಿಗೆ ಅಷ್ಟೊಂದು ಕಷ್ಟ ಕೊಟ್ಟ ಆ ಸ್ವಪರಾಗಸ್ಪರ್ಶದ ಗುಣವೇ ಬಡವನಿಗೆ ವರವಾಯಿತು. ತನ್ನಿಂದ ತಾನೇ ಕಾಳುಕಟ್ಟುವ ಗಿಡದ ಸಂತಾನ ತಾಯಿಯಂತೆಯೇ ಇರುವುದಾದುದರಿಂದ, ರೈತನು ಒಮ್ಮೆ ನಾಲ್ಕೈದು ಕಿಲೋ ಬೀಜವನ್ನು ತಂದರೆ ಎಕರೆಗೆ ಸಾಕು. ಮುಂದಿನ ವರ್ಷಕ್ಕೆ ತನ್ನ ಹೊಲದ ಒಳ್ಳೆಯ ತೆನೆಗಳನ್ನೇ ಆಯ್ದು ಇಟ್ಟುಕೊಳ್ಳಬಹುದು, ಬೀಗರಿಗೆ ಕೊಡಬಹುದು, ನೆರೆಯವನಿಗೆ ಸೇರಿಗೆ ಸೇರು ಬದಲಾಯಿಸಬಹುದು. ಧಾರವಾಡದಲ್ಲಿ ವಿಜ್ಞಾನಿ ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಕೊಟ್ಟುದು ದೇಶವೇ ಕೊಂಡಾಡಿದ ಸಾಧನೆ; ಉದ್ದನೆಯ ಎಳೆಯ ಆ ಹತ್ತಿಯಿಂದ ಹಣ ಕಂಡ ಮನೆಗಳು ಉತ್ತರ ಕರ್ನಾಟಕದಲ್ಲಿ ಅನೇಕ. ಆದರೆ ಸಂಕರ ಹತ್ತಿಯ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕು, ಗೊಬ್ಬರ ಔಷಧಿಗಳಿಗೆ ಸಾಲ ಮಾಡಬೇಕು, ಮಳೆ ಕೈಕೊಟ್ಟರೆ ಸಾಲ ಉಳಿಯುವುದು. ಎರಡೂ ವಿದ್ಯೆಯ ಫಲಗಳೇ. ಒಂದನ್ನು ಬಡವನು ತನ್ನ ವಾಡೆಯಲ್ಲಿ ಇಟ್ಟುಕೊಳ್ಳಬಲ್ಲನು, ಇನ್ನೊಂದಕ್ಕೆ ಪ್ರತಿವರ್ಷವೂ ಅಂಗಡಿಗೆ ಹೋಗಬೇಕು. ಬಡತನದ ನಿವಾರಣೆಗೆಂದು ಹೊರಟ ವಿಶ್ವವಿದ್ಯಾನಿಲಯವು, ತಾನು ಕೊಡುವುದನ್ನು ಪಡೆದವನು ಅದರ ಒಡೆಯನಾಗುವನೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಟ್ಟ ಮೇಲೆ ಕೈತೊಳೆದುಕೊಳ್ಳುವಂತೆಯೂ ಇಲ್ಲ. ರಾಗಿಗೆ ಬೆಂಕಿರೋಗವೆಂಬ ಪಿಡುಗು ಉಂಟು. ಎಲೆಗೆ ಬಂದರೆ ಸಹಿಸಬಹುದು, ತೆನೆಯ ಕುತ್ತಿಗೆಗೂ ಇಲುಕಿಗೂ ಬಂದರೆ ಹಾಲುಗಾಳು ಜೊಳ್ಳಾಗುವುದು. ಇಂಡಾಫ್ ತಳಿಗಳಲ್ಲಿ ಕೆಲವಕ್ಕೆ ಈ ರೋಗ ತಗುಲತೊಡಗಿದಾಗ, ಇಂಡಾಫ್-5, ಇಂಡಾಫ್-9 ಮತ್ತು ಆಫ್ರಿಕಾ ಮೂಲದ ರೋಗನಿರೋಧಕ ಸಸ್ಯವೊಂದನ್ನು ಕೂಡಿಸಿ, ವಿಶ್ವವಿದ್ಯಾನಿಲಯದ ಬೆಂಗಳೂರಿನ ಆವರಣವಾದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು 1990ರ ದಶಕದ ಉತ್ತರಾರ್ಧದಲ್ಲಿ ಜಿಪಿಯು-28 ಎಂಬ ತಳಿಯನ್ನು ಕೊಟ್ಟರು. ಹೊಲದಿಂದ ಹೊಲಕ್ಕೆ ಅದು ಬೇಗ ಹಬ್ಬಿತು. ಮಳೆಯ ವಿಚಾರವೂ ಹೀಗೆಯೇ. ಮುಂಗಾರು ಕಾಲಕ್ಕೆ ಸರಿಯಾಗಿ ಬಂದರೆ ನಾಲ್ಕು ತಿಂಗಳ ತಳಿ. ಪುನರ್ವಸು, ಪುಷ್ಯಗಳೆರಡೂ ಒಣಗಿ ಆಶ್ಲೇಷೆಯಲ್ಲಿ ಹದವಾದರೆ ನೂರು ದಿನದೊಳಗೆ ಕೊಯ್ಲಿಗೆ ಬರುವ ತಳಿ. ಮಳೆ ತಡವಾಯಿತೆಂದು ಹೊಲವನ್ನು ಬೀಳುಬಿಟ್ಟು ಕೂಲಿ ಅರಸಿ ಊರು ಬಿಡುವವನಿಗೆ, ಈಗಲೂ ಬಿತ್ತಬಹುದೆಂದು ಹೇಳಬಲ್ಲ ಒಂದು ಮಾತು, ಆ ಮಾತಿನೊಂದಿಗೆ ಒಂದು ಚೀಲ ಬೀಜ, ಇವೆರಡೂ ಆ ವಾರವೇ ಸಿಕ್ಕಿದರೆ ಮಾತ್ರ ಪ್ರಯೋಜನ. ಒಂದು ತಿಂಗಳು ತಡವಾಗಿ ಬಂದ ಸತ್ಯದಿಂದ ಹೊಲಕ್ಕೆ ಉಪಕಾರವಿಲ್ಲ.

ಆದುದರಿಂದ ಜ್ಞಾನವನ್ನು ಹೊತ್ತೊಯ್ಯುವ ಜನ ಬೇಕು. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಹೆಸರಿನಲ್ಲಿ ಹಳ್ಳಿಗಳಲ್ಲಿ ಬಿಡಾರ ಹೂಡುತ್ತಾರೆ. ಶಾಲೆಯ ಜಗಲಿಯಲ್ಲೋ ಸಮುದಾಯಭವನದಲ್ಲೋ ಮಲಗಿ, ಬೆಳಗ್ಗೆ ರೈತನೊಡನೆ ಹೊಲಕ್ಕೆ ಹೋಗಿ, ಬೀಜೋಪಚಾರ ಮಾಡುವ ಬಗೆಯನ್ನೂ ಮಣ್ಣಿನ ಮಾದರಿ ತೆಗೆಯುವ ಕ್ರಮವನ್ನೂ ತೋರಿಸುತ್ತಾರೆ. ಅವರು ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚೆಂದು ನನಗೆ ತೋರುತ್ತದೆ. ರಾಗಿಯ ಸಾಲಿನ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಏಕೆ ಬಿತ್ತುವರೆಂಬುದನ್ನು ಪುಸ್ತಕದಲ್ಲಿ ಓದುವುದಕ್ಕೂ, ಸಾರಿಗೆ ಅವರೆಯೂ ದೀಪಕ್ಕೆ ಎಣ್ಣೆಯೂ ಅದೇ ಹೊಲದಿಂದ ಬರಬೇಕಾದ ಮನೆಯಲ್ಲಿ ಉಂಡು ತಿಳಿಯುವುದಕ್ಕೂ ಬಹಳ ಅಂತರವುಂಟು.

ವಿಶ್ವವಿದ್ಯಾನಿಲಯದಿಂದ ಆಗದ ಕೆಲಸಗಳನ್ನೂ ಹೇಳಬೇಕು. ಭೂಮಿಯಿಲ್ಲದ ಕೂಲಿಯವನಿಗೆ ಉತ್ತಮ ತಳಿಯಿಂದ ನೇರವಾಗಿ ಬರುವುದು ಕೊಯ್ಲಿನ ದಿನಗಳ ಕೂಲಿ ಮತ್ತು ಅಗ್ಗವಾದ ಹಿಟ್ಟು, ಅಷ್ಟೆ. ಬೆಳೆ ಹೆಚ್ಚಿದ ವರ್ಷ ಬೆಲೆ ಬಿದ್ದರೆ ವಿಜ್ಞಾನಿ ಅದನ್ನು ಎತ್ತಿಹಿಡಿಯಲಾರನು. ಅದಕ್ಕೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಬೇಕು, ತೆರೆದ ಕೇಂದ್ರದಲ್ಲಿ ಸಣ್ಣವನ ಚೀಲಕ್ಕೂ ಸರದಿ ಬರಬೇಕು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ ಕೊಡುವ ಏರ್ಪಾಡು ಬಂದುದು ಬೆಳೆದವನಿಗೂ ಉಣ್ಣುವವನಿಗೂ ಸಹಾಯಕವಾಯಿತು. ಆ ಏರ್ಪಾಡು ಸರ್ಕಾರದ್ದು. ಹಂಚುವುದಕ್ಕೆ ಬೇಕಾದ ರಾಗಿ ನೆಲದಲ್ಲಿ ಹುಟ್ಟುವಂತೆ ಮಾಡಿದುದು ಮಾತ್ರ ಹಿಂದಿನ ಆ ನಸುಕುಗಳ ಶ್ರಮ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿಮೇಳಕ್ಕೆ ನಾನು ಹೋಗಿದ್ದೆ. ಬಸ್ಸುಗಳಲ್ಲಿ, ಟೆಂಪೋಗಳಲ್ಲಿ ಜನ ಬಂದು ಇಳಿಯುತ್ತಲೇ ಇದ್ದರು. ರಾಗಿಯ ತಾಕುಗಳ ಹತ್ತಿರ ಪಂಚೆಯುಟ್ಟ ಹಿರಿಯರು ಚಪ್ಪಲಿ ಬಿಟ್ಟು ಸಾಲಿನೊಳಗೆ ಇಳಿದು, ತೆನೆಯನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ನಡುವಯಸ್ಸು ದಾಟಿದ ತಾಯಿಯೊಬ್ಬರು ಒಂದು ತೆನೆಯಿಂದ ನಾಲ್ಕು ಕಾಳು ಉಜ್ಜಿ, ಹೊಟ್ಟು ಊದಿ, ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು. ಪಕ್ಕದಲ್ಲಿ ನಿಂತಿದ್ದ ತರುಣ ವಿಜ್ಞಾನಿ ಎಕರೆಗೆ ಎಷ್ಟು ಕ್ವಿಂಟಾಲ್ ಬರುವುದೆಂದು ವಿವರಿಸತೊಡಗಿದನು. ಆಕೆ ಅಷ್ಟನ್ನೂ ಕೇಳಿ, “ಅದಿರ‍್ಲಿ ಕಣಪ್ಪ, ಹುಲ್ಲು ಎಷ್ಟುದ್ದ ಬತ್ತದೆ? ನಮ್ಮನೇಲಿ ಎರಡು ಹಸ ಅವೆ” ಎಂದರು. ತರುಣನು ತನ್ನ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಗಿಡದ ಪಕ್ಕಕ್ಕೆ ನಿಂತು, ಅದು ತನ್ನ ಸೊಂಟಕ್ಕೆ ಬರುವುದನ್ನು ಕೈಯಿಂದ ತೋರಿಸಿ, “ಇಷ್ಟು ಬರುತ್ತೆ ಅಮ್ಮ, ಮೇವಿಗೆ ಕೊರತೆ ಆಗಲ್ಲ” ಎಂದನು. ಆಕೆ ಬಗ್ಗಿ ಕಡ್ಡಿಯನ್ನು ಹಿಸುಕಿ ನೋಡಿ, ದನ ತಿನ್ನುವಷ್ಟು ಮೆತ್ತಗಿದೆಯೆಂದು ತಮ್ಮೊಳಗೇ ಹೇಳಿಕೊಂಡರು. ಆಮೇಲೆ ಬೀಜದ ಮಳಿಗೆಯ ಸಾಲಿನಲ್ಲಿ ನಿಂತು, ಸೆರಗಿನ ಗಂಟಿನಿಂದ ನೋಟುಗಳನ್ನು ಬಿಚ್ಚಿ ಕೊಟ್ಟು, ಒಂದೇ ಒಂದು ಚೀಲ ತೆಗೆದುಕೊಂಡರು. ಜೊತೆಗೆ ಬಂದಿದ್ದ ಹೆಣ್ಣುಮಗಳು ತನಗೂ ಒಂದು ಕೊಳ್ಳೋಣವೆಂದಳು. “ನಿಂಗ್ಯಾಕವ್ವ ಬೇರೆ? ಮುಂದಿನ್ ಸುಗ್ಗಿಗೆ ನಾನೇ ಅಳ್ದು ಕಳಿಸ್ತೀನಿ” ಎನ್ನುತ್ತ ಆಕೆ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ಸಿನ ಕಡೆಗೆ ನಡೆದರು.