ಫೆರಾರಿಯನ್ನು ಹಿಂದಿಕ್ಕಿದ ಮನೆ ಕಾರು

ಮೈಸೂರಿನಿಂದ ಹುಣಸೂರು ದಾಟಿ ಮಡಿಕೇರಿಯತ್ತ ಹೊರಟರೆ ಪಿರಿಯಾಪಟ್ಟಣಕ್ಕೆ ಮುನ್ನ ಸಿಗುವ ಊರು ಕಂಪಲಾಪುರ. ತಂಬಾಕು ಹರಾಜಿನ ದಿನಗಳಲ್ಲಿ ಇಲ್ಲಿ ಬೇಲು ಹೇರಿಕೊಂಡ ಟ್ರ್ಯಾಕ್ಟರುಗಳದೇ ಕಾರುಬಾರು. ಶನಿವಾರ, ಭಾನುವಾರ ಬಂತೆಂದರೆ ಕೊಡಗಿಗೆ ಹೊರಟ ಬೆಂಗಳೂರಿನ ಕಾರುಗಳ ಸಾಲು. ಆ ಸಾಲಿನ ನಡುವೆ ಎಂದಾದರೊಮ್ಮೆ ನೆಲಕ್ಕೆ ಅಂಟಿಕೊಂಡಂತಿರುವ ವಿದೇಶಿ ಸ್ಪೋರ್ಟ್ಸ್ ಕಾರೊಂದು ಗುಡುಗುತ್ತಾ ಹಾದುಹೋದರೆ, ಬಸ್ಸಿಗೆ ಕಾದು ನಿಂತ ಹುಡುಗರ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ: 'ಇದರ ಟಾಪ್ ಸ್ಪೀಡ್ ಎಷ್ಟಿರಬಹುದು?'

ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳೋಣ. ಉಬ್ಬು ತಗ್ಗು, ಮಳೆ, ತಿರುವು, ಏರು ಎಲ್ಲವೂ ಇರುವ ದಾರಿಯಲ್ಲಿ ಯಾವ ಕಾರು ಮೊದಲು ಗುರಿ ಮುಟ್ಟೀತು? ಲಕ್ಷಾಂತರ ಹುಡುಗರ ಕೋಣೆಯ ಗೋಡೆಯನ್ನು ಅಲಂಕರಿಸಿದ್ದ ಇಟಲಿಯ ಫೆರಾರಿಯೇ, ಅಥವಾ ನಾಲ್ಕು ಬಾಗಿಲು, ಹಿಂದೊಂದು ಡಿಕ್ಕಿ ಇರುವ ಜಪಾನಿನ ಸಂಸಾರದ ಕಾರೇ? 1990ರ ದಶಕದಲ್ಲಿ ಜಗತ್ತಿನ ಕಾರುಪ್ರಿಯರನ್ನು ಬೆರಗುಗೊಳಿಸಿದ ಉತ್ತರ ಎರಡನೆಯದು. ಹಾಗೇಕಾಯಿತು ಎಂಬುದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವಿದೆ. ತಂದೆ ತಾಯಿಗಳಿಗೆ ಒಂದು ಎಚ್ಚರಿಕೆಯೂ ಇದೆ.

ಇಬ್ಬರು ಜಟ್ಟಿಗಳು

ಮೊದಲನೆಯ ಜಟ್ಟಿ ಫೆರಾರಿ 308 ಜಿಟಿಬಿ. 1975ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಇದು ಎರಡೇ ಆಸನಗಳ ಕಾರು. ಎತ್ತರ ನಿಂತವರ ಸೊಂಟಕ್ಕಿಂತ ತುಸು ಮೇಲೆ. ನೆಲಕ್ಕೂ ಅದರ ಹೊಟ್ಟೆಗೂ ನಡುವಿನ ಅಂತರ ಹೆಚ್ಚೆಂದರೆ ಅರ್ಧ ಗೇಣು. ಚಾಲಕನ ಬೆನ್ನ ಹಿಂದೆ 2926 ಸಿ.ಸಿ.ಯ ಎಂಟು ಸಿಲಿಂಡರಿನ ಇಂಜಿನ್. ಯೂರೋಪಿನಲ್ಲಿ ಮಾರಿದ ಮೊದಲ ಕಾರುಗಳಿಗೆ 255 ಅಶ್ವಶಕ್ತಿ ಎಂದು ಕಂಪನಿ ಹೇಳಿಕೊಂಡಿತ್ತು. ಅಷ್ಟೂ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ.

ಎರಡನೆಯ ಜಟ್ಟಿ 1992ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸುಬಾರು ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್. ಇದರ ಅವಳಿಯೆಂಬಂತೆ ಅದೇ ವರ್ಷ ಬಂದದ್ದು ಮಿತ್ಸುಬಿಶಿ ಲ್ಯಾನ್ಸರ್ ಎವಲ್ಯೂಶನ್. ಎರಡೂ ನೋಟಕ್ಕೆ ಸಾಧಾರಣ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗಿ ಬರಬಹುದು. ಇಂಪ್ರೆಝಾದ ಇಂಜಿನ್ ಕೇವಲ 1994 ಸಿ.ಸಿ., ನಾಲ್ಕೇ ಸಿಲಿಂಡರು. ಆದರೂ ಅದರ ಶಕ್ತಿ 240 ಅಶ್ವಶಕ್ತಿ! ಲೆಕ್ಕ ಹಾಕಿ ನೋಡಿ: ಫೆರಾರಿ ಪ್ರತಿ ಲೀಟರಿಗೆ ಸುಮಾರು 87 ಅಶ್ವಶಕ್ತಿ ಹೊಮ್ಮಿಸಿದರೆ ಇಂಪ್ರೆಝಾ 120 ಹೊಮ್ಮಿಸುತ್ತದೆ. ಈ ಹೆಚ್ಚುವರಿ ಎಲ್ಲಿಂದ ಬಂತು?

ಕುಲುಮೆಯ ತಿದಿ

ಕಮ್ಮಾರನ ಕುಲುಮೆಯನ್ನು ನೆನಪಿಸಿಕೊಳ್ಳಿ. ಇದ್ದಲು ಅಷ್ಟೇ ಇದ್ದರೂ ತಿದಿ ಒತ್ತಿದೊಡನೆ ಬೆಂಕಿ ಭುಗಿಲೇಳುತ್ತದೆ. ಇಂಜಿನ್ ಕೂಡ ಹಾಗೆಯೇ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಹೆಚ್ಚು ಪೆಟ್ರೋಲು ಸುರಿಯುವುದು ಸುಲಭ. ಅದಕ್ಕೆ ತಕ್ಕ ಗಾಳಿ ತುಂಬುವುದೇ ಕಷ್ಟ. ಫೆರಾರಿ ಇದಕ್ಕೆ ಕಂಡುಕೊಂಡ ದಾರಿ ಹೆಚ್ಚು ಸಿಲಿಂಡರು, ಹೆಚ್ಚು ವೇಗದ ತಿರುಗುವಿಕೆ. ಇಂಪ್ರೆಝಾ ಕಂಡುಕೊಂಡದ್ದು ತಿದಿಯನ್ನು, ಅಂದರೆ ಟರ್ಬೊವನ್ನು.

ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಸುಮ್ಮನೆ ವ್ಯರ್ಥವಾಗುವ ಶಕ್ತಿ. ಆ ಹೊಗೆಯ ದಾರಿಯಲ್ಲಿ ಪುಟ್ಟದೊಂದು ಚಕ್ರ ಇಡುತ್ತಾರೆ. ಹೊಗೆಯ ರಭಸಕ್ಕೆ ಅದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತಳ ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಬಿಸಿ ಗಾಳಿ ಹಿಗ್ಗುವುದರಿಂದ ಅದನ್ನು ಮತ್ತೆ ತಂಪು ಮಾಡಬೇಕು. ಇಂಪ್ರೆಝಾದ ಬಾನೆಟ್ಟಿನ ಮೇಲೆ ಬಾಯಿ ತೆರೆದಂತೆ ಕಾಣುವ ಕಿಂಡಿ ಅಲಂಕಾರಕ್ಕಲ್ಲ. ಅದರ ಕೆಳಗಿರುವ ಇಂಟರ್‌ಕೂಲರಿಗೆ ಗಾಳಿ ಹಾಯಿಸುವುದೇ ಅದರ ಕೆಲಸ.

ಈ ಉಪಾಯ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಕಂಪಲಾಪುರದ ರಸ್ತೆಗೂ ಇದು ಅಪರಿಚಿತವಲ್ಲ. ದಿನವೂ ಅಲ್ಲಿ ಓಡಾಡುವ ಡೀಸೆಲ್ ಲಾರಿಗಳಲ್ಲಿ ಬಹುಪಾಲಿಗೆ ಟರ್ಬೊ ಇದ್ದೇ ಇದೆ!

ಟರ್ಬೊಗೆ ಇನ್ನೊಂದು ಅನುಕೂಲ. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗೂ ಮೀರಿದ ಎತ್ತರದಲ್ಲಿದೆ. ಅಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ತಾನಾಗಿ ಉಸಿರೆಳೆಯುವ ಫೆರಾರಿ ಅಷ್ಟೇ ಪಾಲು ಶಕ್ತಿ ಕಳೆದುಕೊಂಡು 230 ಅಶ್ವಶಕ್ತಿಯ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಮಾತ್ರ ತೆಳು ಗಾಳಿಯನ್ನೇ ಇನ್ನಷ್ಟು ಒತ್ತಿ ತುಂಬಿ ಆ ನಷ್ಟದ ಬಹುಪಾಲನ್ನು ಸರಿದೂಗಿಸಿಕೊಳ್ಳುತ್ತದೆ.

ಅಂಗೈಯಗಲದ ಹಿಡಿತ

ಶಕ್ತಿ ಇದ್ದರೆ ಸಾಲದು, ಅದು ನೆಲಕ್ಕೆ ಇಳಿಯಬೇಕು. ಒಂದೊಂದು ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಗಲದ ಜಾಗದಲ್ಲಿ. ಫೆರಾರಿ ತನ್ನ ಶಕ್ತಿಯನ್ನೆಲ್ಲ ಎರಡು ಅಂಗೈಗಳ ಮೂಲಕ ದಾಟಿಸಬೇಕು. ಮಳೆ ಬಿದ್ದ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಇಂಪ್ರೆಝಾ ಮತ್ತು ಲ್ಯಾನ್ಸರ್ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತವೆ. ಒಣ ರಸ್ತೆಯಲ್ಲಿ ಅಷ್ಟಾಗಿ ಕಾಣದ ವ್ಯತ್ಯಾಸ ಜಲ್ಲಿ, ಕೆಸರು, ಒದ್ದೆ ತಿರುವುಗಳಲ್ಲಿ ಎದ್ದು ಕಾಣುತ್ತದೆ.

ಈ ಜೋಡಿ, ಅಂದರೆ ಟರ್ಬೊ ಮತ್ತು ನಾಲ್ಕು ಚಕ್ರಗಳ ಚಾಲನೆ, ರ‍್ಯಾಲಿಯಲ್ಲಿ ಏನು ಮಾಡಬಲ್ಲುದೆಂದು 1980ರಲ್ಲಿ ಹೊರಬಂದ ಜರ್ಮನಿಯ ಆಡಿ ಕ್ವಾಟ್ರೊ ತೋರಿಸಿಕೊಟ್ಟಿತು. ಅಲ್ಲಿಂದ ಮುಂದೆ ರ‍್ಯಾಲಿ ಕಾರುಗಳ ಶಕ್ತಿ ಕೈಮೀರಿ ಬೆಳೆಯಿತು. 1986ರಲ್ಲಿ ಪೋರ್ಚುಗಲ್ಲಿನಲ್ಲಿ ಪ್ರೇಕ್ಷಕರು, ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಹಾಗೂ ಸಹಚಾಲಕ ಸೆರ್ಜೊ ಕ್ರೆಸ್ಟೊ ಸಾವಿಗೀಡಾದ ಮೇಲೆ 'ಗ್ರೂಪ್ ಬಿ' ಎಂಬ ಆ ವರ್ಗವನ್ನೇ ಕೈಬಿಡಲಾಯಿತು. ನಂತರ ಬಂದ 'ಗ್ರೂಪ್ ಎ' ನಿಯಮದ ಪ್ರಕಾರ ಸ್ಪರ್ಧೆಯ ಕಾರಿನ ಮೂಲ ಮಾದರಿಯನ್ನು ಸಾವಿರಾರು ಸಂಖ್ಯೆಯಲ್ಲಿ ಸಾರ್ವಜನಿಕರಿಗೆ ಮಾರಲೇಬೇಕಿತ್ತು. ಮೊದಲು 5000, ಆಮೇಲೆ 2500. ಹೀಗಾಗಿ ರ‍್ಯಾಲಿ ಗೆಲ್ಲಬೇಕೆಂಬ ಕಂಪನಿ ಮೊದಲು ಅಂಗಡಿಯಲ್ಲಿ ಅಂಥ ಕಾರನ್ನು ಮಾರಬೇಕಾಯಿತು. ಸಂಸಾರದ ಕಾರಿಗೆ ಜಟ್ಟಿಯ ಮೈಕಟ್ಟು ಬಂದದ್ದು ಹೀಗೆ.

ಫಲಿತಾಂಶವೂ ಹಾಗೆಯೇ ಬಂತು. 1995ರಲ್ಲಿ ಸುಬಾರು ಓಡಿಸಿದ ಕಾಲಿನ್ ಮೆಕ್‌ರೇ ವಿಶ್ವ ಚಾಂಪಿಯನ್ ಆದರು. 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ಮಿತ್ಸುಬಿಶಿಯ ಟಾಮಿ ಮ್ಯಾಕಿನೆನ್ ಗೆದ್ದರು.

ಫೆರಾರಿಯ ಪರವಾಗಿ ಎರಡು ಮಾತು

ಹಾಗೆಂದು ಫೆರಾರಿಯನ್ನು ಹಳಿಯುವುದು ಸಲ್ಲದು. ಟರ್ಬೊ ಕಾರಿನಲ್ಲಿ ಕಾಲೊತ್ತಿದ ಮೇಲೆ ಆ ಪುಟ್ಟ ಚಕ್ರ ವೇಗ ಹಿಡಿಯಲು ಒಂದು ಕ್ಷಣ ಬೇಕು. ಹಳೆಯ ಫೆರಾರಿಗೆ ಆ ತಡವೇ ಇಲ್ಲ. ಕಾಲಿನ ಮಾತನ್ನು ಇಂಜಿನ್ ಆಗಲೇ ಕೇಳುತ್ತದೆ. ಅದರ ದನಿ, ಅದರ ಅಂದ ಇಂದಿಗೂ ಹಳತಾಗಿಲ್ಲ. ಫ್ರಾನ್ಸಿನ ಝಾನ್ ಕ್ಲೋಡ್ ಆಂಡ್ರುಯೆ 1981ರಲ್ಲಿ ಇದೇ 308ರಲ್ಲಿ ಟಾರು ರಸ್ತೆಯ ರ‍್ಯಾಲಿಗಳನ್ನು ಗೆದ್ದದ್ದೂ ಉಂಟು. ಒಳ್ಳೆಯ ಟಾರು ಸಿಕ್ಕರೆ ಜಾತಿಕುದುರೆ ಓಡಬಲ್ಲುದು ಎಂಬುದಕ್ಕೆ ಅದೇ ಸಾಕ್ಷಿ.

ಆದರೆ ಜಾತಿಕುದುರೆಯನ್ನು ಸಾಕುವ ಖರ್ಚು ಬೇರೆ. 308ರ ಇಂಜಿನ್ನಿನ ಒಳಗಿನ ರಬ್ಬರ್ ಬೆಲ್ಟುಗಳನ್ನು ಕಾರು ಓಡಲಿ, ಬಿಡಲಿ, ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಅದು ತುಂಡಾದರೆ ಇಂಜಿನ್ನೇ ಹಾಳು. ಇನ್ನು ನಮ್ಮ ಹಳ್ಳಿಗಳ ರಸ್ತೆ ಉಬ್ಬುಗಳಿಗೆ ಆ ಅರ್ಧ ಗೇಣು ಎತ್ತರ ಏನೇನೂ ಸಾಲದು.

ಕಾಲದ ಆಟ ನೋಡಿ: ಫೆರಾರಿಯನ್ನು ಹಳತು ಮಾಡಿದ ಈ ಕಾರುಗಳೂ ಈಗ ಇತಿಹಾಸ ಸೇರಿವೆ. ಲ್ಯಾನ್ಸರ್ ಎವಲ್ಯೂಶನ್ 2016ರ ಹೊತ್ತಿಗೆ ನಿಂತಿತು. ಸುಬಾರುವಿನ ಎಸ್‌ಟಿಐ ಮಾದರಿ 2021ಕ್ಕೆ ಕೊನೆಗೊಂಡಿತು. ಅವುಗಳನ್ನೂ ಜನ ಈಗ ಆಸೆಪಟ್ಟು ಸಂಗ್ರಹಿಸುತ್ತಿದ್ದಾರೆ.

ನಮ್ಮವರ ರ‍್ಯಾಲಿ

ಇಂಥ ಕಾರುಗಳು ನಮ್ಮಲ್ಲಿ ಬಂದದ್ದೇ ಅಪರೂಪ. ಹಿಂದೂಸ್ತಾನ್ ಮೋಟಾರ್ಸ್ 1998ರಿಂದ ಇಲ್ಲಿ ತಯಾರಿಸಿ ಮಾರಿದ ಲ್ಯಾನ್ಸರ್ ಪೆಟ್ರೋಲ್ ಕಾರಿಗೆ ಟರ್ಬೊ ಇರಲಿಲ್ಲ, ಮುಂದಿನ ಎರಡು ಚಕ್ರಗಳಷ್ಟೇ ಎಳೆಯುತ್ತಿದ್ದವು. ಆದರೂ ರ‍್ಯಾಲಿ ನಿಲ್ಲಲಿಲ್ಲ. ಎಪ್ಪತ್ತರ ದಶಕದಿಂದ ಬಂದಿರುವ 'ಕರ್ನಾಟಕ 1000', ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಮಣ್ಣು ದಾರಿಯ ಸ್ಪರ್ಧೆಗಳಲ್ಲಿ ಎಸ್ಟೀಮ್, ಬಲೆನೊ, ಸೀಡಿಯಾ, ಪೋಲೊಗಳಂಥ ನಿತ್ಯದ ಕಾರುಗಳೇ ಗೆದ್ದವು. ಬೆಂಗಳೂರಿನ ಕರ್ಣ ಕಡೂರು ರಾಷ್ಟ್ರೀಯ ಚಾಂಪಿಯನ್ ಆದದ್ದು, ಸಕಲೇಶಪುರದ ಚೇತನ್ ಶಿವರಾಂ, ಮಂಗಳೂರಿನ ಡೀನ್ ಮಸ್ಕರೇನ್ಹಸ್ ಹೆಸರು ಮಾಡಿದ್ದು ಈ ದಾರಿಗಳಲ್ಲಿ ಪಳಗಿ.

ದೆಹಲಿಯ ಗೌರವ್ ಗಿಲ್ ಅವರ ಕಥೆ ಇನ್ನೂ ಸ್ವಾರಸ್ಯ. ಏಷ್ಯಾ ಪೆಸಿಫಿಕ್ ಚಾಂಪಿಯನ್ ಪಟ್ಟವನ್ನು ಅವರು 2013ರಲ್ಲಿ ಟರ್ಬೊ ಇಲ್ಲದ ಸ್ಕೋಡಾ ಫ್ಯಾಬಿಯಾದಲ್ಲಿ ಗೆದ್ದರು. 2016 ಮತ್ತು 2017ರಲ್ಲಿ ಟರ್ಬೊ ಇದ್ದ ಫ್ಯಾಬಿಯಾದಲ್ಲಿ ಗೆದ್ದರು. ಯಂತ್ರ ಬದಲಾಯಿತು, ಚಾಲಕ ಬದಲಾಗಲಿಲ್ಲ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಗೆ ಸಂದ ಮೊದಲ ಅರ್ಜುನ ಅದು.

ರ‍್ಯಾಲಿಯಲ್ಲಿ ಚಾಲಕನ ಪಕ್ಕ ಕುಳಿತು ಮುಂದಿನ ತಿರುವು ಯಾವುದು, ಎಷ್ಟು ಕಡಿದು ಎಂದು ಓದಿ ಹೇಳುವ ಸಹಚಾಲಕನೂ ಅಷ್ಟೇ ಮುಖ್ಯ. ನೂರಾರು ರ‍್ಯಾಲಿಗಳಲ್ಲಿ ಈ ಕೆಲಸ ಮಾಡಿದ ಮೂಸಾ ಶರೀಫ್ ನಮ್ಮ ನೆರೆಯ ಕಾಸರಗೋಡಿನವರು. ಲೆಕ್ಕ, ಸಮಯ, ಏಕಾಗ್ರತೆ ಈ ಮೂರೂ ಇರುವ ವಿದ್ಯಾರ್ಥಿ ಸ್ಟಿಯರಿಂಗ್ ಹಿಡಿಯದೆಯೂ ಈ ಕ್ರೀಡೆಯಲ್ಲಿ ಬೆಳೆಯಬಹುದು.

ಹೆತ್ತವರೇ, ಗಮನಿಸಿ

ಈ ಕಥೆ ಕೇಳಿದ ಹುಡುಗ ಹಳೆಯ ಸೆಡಾನೊಂದನ್ನು ಕೊಂಡು, ಅದರ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿಸಿ, ಹೆದ್ದಾರಿಯಲ್ಲೇ ರ‍್ಯಾಲಿ ಮಾಡಹೊರಟರೆ ಏನಾದೀತು? ಒಂದು ಸಂಗತಿ ನೆನಪಿಡಬೇಕು: ನಾಲ್ಕು ಚಕ್ರಗಳ ಚಾಲನೆ ಕಾರನ್ನು ಬೇಗ ಓಡಿಸುತ್ತದೆ, ಬೇಗ ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿ, ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡು ಹಿಡಿದರೆ, 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 37 ಮೀಟರು ಬೇಕು. 100 ಕಿ.ಮೀ. ವೇಗದಲ್ಲಿ ಅದೇ 83 ಮೀಟರಾಗುತ್ತದೆ. ಸಂಜೆಗತ್ತಲಲ್ಲಿ ಹಿಂದೀಪವಿಲ್ಲದ ತಂಬಾಕಿನ ಟ್ರ್ಯಾಕ್ಟರು ಅಷ್ಟು ದೂರಕ್ಕೆ ಕಾಣುವುದೇ?

ಕಾನೂನೂ ಕಟುವಾಗಿದೆ. ಕಾರಿನ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು, ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದನ್ನು ಮೋಟಾರು ವಾಹನ ಕಾಯಿದೆ ನಿಷೇಧಿಸುತ್ತದೆ. 2019ರ ತಿದ್ದುಪಡಿಯಂತೆ ವಯಸ್ಸಿಗೆ ಬಾರದ ಮಕ್ಕಳು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ.

ನಿಜವಾದ ರ‍್ಯಾಲಿ ನಡೆಯುವುದು ಜನಸಂಚಾರ ಮುಚ್ಚಿದ ದಾರಿಯಲ್ಲಿ. ಕಾರಿನೊಳಗೆ ಉಕ್ಕಿನ ಪಂಜರ, ತಲೆಗೆ ಹೆಲ್ಮೆಟ್, ಬಳಿಯಲ್ಲೇ ಆಂಬ್ಯುಲೆನ್ಸ್ ಇರುತ್ತವೆ. ಆಸಕ್ತಿಯುಳ್ಳ ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವ ಬದಲು ಇಂಥ ಒಂದು ಸ್ಪರ್ಧೆಗೆ ಕರೆದೊಯ್ಯಿರಿ. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಯಾವುದೇ ದಾರಿಯಲ್ಲಿ ಹೋದರೂ ಇಂಜಿನ್ ಬಿಚ್ಚಿ ಜೋಡಿಸಲು ಬಲ್ಲವನಿಗೆ ಕೆಲಸವಿದೆ. ವಿದ್ಯಾರ್ಥಿಗಳೇ ಕಾರು ಕಟ್ಟಿ ಸ್ಪರ್ಧಿಸುವ 'ಬಾಹಾ' ಪಂದ್ಯಗಳೂ ನಮ್ಮ ದೇಶದಲ್ಲಿ ನಡೆಯುತ್ತಿವೆ.

ಸಾಧಾರಣ ಕಾರು ಫೆರಾರಿಯನ್ನು ಹಿಂದಿಕ್ಕಿದ್ದು ತನ್ನ ದಾರಿ ಎಂಥದೆಂದು ಮೊದಲೇ ಅರಿತು ಅದಕ್ಕೆ ತಕ್ಕಂತೆ ಸಿದ್ಧವಾದದ್ದರಿಂದ. ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಮಕ್ಕಳಿಗೂ ಈ ಮಾತು ಒಪ್ಪುತ್ತದೆ.