ಆಮ್ಲಜನಕ ಸಂವೇದಕ: ಬದಲಿಸುವ ಮುನ್ನ ಪರೀಕ್ಷಿಸಿ

ಪೆಟ್ರೋಲ್ ಕಾರಿನಲ್ಲಿ ಸ್ಟಿಯರಿಂಗ್ ಮುಂದಿನ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದೆ. ಲೀಟರಿಗೆ ಓಡುವ ದೂರವೂ ಇಳಿದಿದೆ. ವರ್ಕ್‌ಶಾಪಿನಲ್ಲಿ "ಆಕ್ಸಿಜನ್ ಸೆನ್ಸರ್ ಹೋಗಿದೆ" ಎನ್ನುತ್ತಾರೆ. ಹಣ ತೆತ್ತು ಬದಲಿಸಿದ ಹದಿನೈದು ದಿನಕ್ಕೆ ದೀಪ ಮತ್ತೆ ಹತ್ತುತ್ತದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದಾದರೆ, ಈ ಭಾಗದ ಕೆಲಸವನ್ನು ಸದಸ್ಯ ಬಾಂಧವರು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಇದರ ಕೆಲಸವೇನು?

ಅಡಿಕೆ ಬೇಯಿಸುವ ಒಲೆಗೆ ಗಾಳಿ ಸಾಲದಿದ್ದರೆ ಕಟ್ಟಿಗೆ ಬರಿ ಹೊಗೆಯಾಗಿ ಹೋಗುತ್ತದೆ. ಎಂಜಿನ್ನಿನದೂ ಅದೇ ಲೆಕ್ಕ. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೊಗೆ ಕೊಳವೆಗೆ ತಿರುಪಿ ಕೂರಿಸಿದ ಸಂವೇದಕವು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಡನೆ ಹೋಲಿಸಿ ವಿದ್ಯುತ್ ಸಂಕೇತ ಕೊಡುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಅದನ್ನು ನೋಡಿ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಏರಿಳಿಸುತ್ತದೆ. ಬಾಷ್ ಸಂಸ್ಥೆಯ ಈ ಸಾಧನ 1976ರಲ್ಲಿ ಮೊದಲು ವೋಲ್ವೋ ಕಾರುಗಳಿಗೆ ಬಂದಿತು.

ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯದೆ ಇದು ಕೆಲಸ ಮಾಡದು. ಆದುದರಿಂದ ಒಳಗೊಂದು ಹೀಟರ್ ಇರುತ್ತದೆ. ಸಾಮಾನ್ಯವಾಗಿ ಒಂದು ಸಂವೇದಕ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೆ, ಇನ್ನೊಂದು ಹಿಂದೆ ಇರುತ್ತದೆ.

ಪರೀಕ್ಷಿಸುವ ಕ್ರಮ

1. ಮೊದಲು ಸ್ಕ್ಯಾನರಿನಲ್ಲಿ ದೋಷದ ಸಂಖ್ಯೆ ಓದಿಸಿ ಬರೆದಿಟ್ಟುಕೊಳ್ಳಿ. ಪಿ 0135 ಎಂದರೆ ಮುಂದಿನ ಸಂವೇದಕದ ಹೀಟರ್ ದೋಷ. ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇದು ಸಂವೇದಕ ತಂದ ವರದಿಯೇ ಹೊರತು ಅದು ಕೆಟ್ಟಿದೆ ಎಂದಲ್ಲ.

2. ತಂತಿಗಳನ್ನು ನೋಡಿ. ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ತಂತಿಯನ್ನು ಇಲಿ ಕಡಿಯುವುದುಂಟು. ಮಳೆಗಾಲದಲ್ಲಿ ಜೋಡಣೆಗೆ ಕೆಸರು ನೀರು ಸೇರುವುದೂ ಉಂಟು. ಕಾದ ಸಂವೇದಕಕ್ಕೆ ತಣ್ಣೀರು ಎರಚಿದರೆ ಒಳಗಿನ ಪಿಂಗಾಣಿ ಬಿರುಕು ಬಿಡಬಹುದು.

3. ಗಾಳಿ ಸೋರಿಕೆ ಹುಡುಕಿ. ಹೊಗೆ ಕೊಳವೆಯ ಗ್ಯಾಸ್ಕೆಟ್ ಸೀಳಿದ್ದರೆ ಹೊರಗಿನ ಗಾಳಿ ಒಳಸೇರಿ, ಸಂವೇದಕ ಸರಿಯಿದ್ದೂ ತಪ್ಪು ಲೆಕ್ಕ ಬರುತ್ತದೆ.

4. ಹೀಟರಿನ ಎರಡು ತಂತಿಗಳ (ಅನೇಕ ಕಾರುಗಳಲ್ಲಿ ಇವೆರಡೂ ಒಂದೇ ಬಣ್ಣ) ನಡುವೆ ಓಮ್ ಅಳೆಯಿರಿ. ತಣ್ಣಗಿರುವಾಗ ಕೆಲವೇ ಓಮ್ ಬರಬೇಕು. ಏನೂ ತೋರದಿದ್ದರೆ ಹೀಟರ್ ಸುಟ್ಟಿದೆ. ತೋರಿದರೆ ಫ್ಯೂಸ್ ನೋಡಿ.

5. ಎಂಜಿನ್ ಚೆನ್ನಾಗಿ ಕಾದ ಮೇಲೆ, ವೇಗ ತುಸು ಏರಿಸಿ ಹಿಡಿದು, ಡಿಜಿಟಲ್ ಮೀಟರಿನಿಂದ ಮುಂದಿನ ಸಂವೇದಕದ ಸಂಕೇತ ನೋಡಿ. ಅದು 0.1ರಿಂದ 0.9ರವರೆಗೆ ಬೇಗಬೇಗ ಏರಿಳಿಯಬೇಕು. ಹಿಂದಿನದು ಮಾತ್ರ ಹೆಚ್ಚುಕಡಿಮೆ ಸ್ಥಿರವಾಗಿದ್ದರೇ ಸರಿ.

6. ಮುಂದಿನದು ಒಂದೆಡೆ ನಿಂತುಬಿಟ್ಟರೂ ಕೂಡಲೇ ತೀರ್ಮಾನಿಸಬೇಡಿ. ಎಂಜಿನ್ನಿಗೆ ಗಾಳಿ ಹೋಗುವ ಭಾಗದ ಒಂದು ವ್ಯಾಕ್ಯೂಮ್ ಪೈಪನ್ನು ಮೆಕ್ಯಾನಿಕ್ ಕ್ಷಣಕಾಲ ಬಿಚ್ಚಿದಾಗ ವೋಲ್ಟೇಜ್ ಇಳಿಯಬೇಕು; ಮಿಶ್ರಣಕ್ಕೆ ಇಂಧನ ಹೆಚ್ಚಿಸಿದಾಗ ಏರಬೇಕು. ಎರಡಕ್ಕೂ ಥಟ್ಟನೆ ಸ್ಪಂದಿಸಿದರೆ ಸಂವೇದಕ ಸರಿಯಿದೆ, ದೋಷ ಬೇರೆಡೆ ಇದೆ. ಸ್ಪಂದಿಸದಿದ್ದರೆ, ತಂತಿಯೂ ಸರಿಯಿದ್ದರೆ, ಬದಲಿಸಲೇಬೇಕು.

ಕೆಲವು ಹೊಸ ಕಾರುಗಳ ಮುಂದಿನ ಸಂವೇದಕ ಬೇರೆ ಬಗೆಯದು. ಅದಕ್ಕೆ 5 ಮತ್ತು 6ನೆಯ ವೋಲ್ಟ್ ಲೆಕ್ಕ ಹೊಂದದು, ಸ್ಕ್ಯಾನರಿನಲ್ಲೇ ನೋಡಿಸಬೇಕು.

ಬಿಚ್ಚಿದ ಹಳೆಯ ಸಂವೇದಕವನ್ನು ಎಸೆಯುವ ಮುನ್ನ ತುದಿ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಬಿಳಿ ಪುಡಿ ಕಟ್ಟಿದ್ದರೆ ಸಿಲಿಕೋನ್ ಅಂಟು ಅಥವಾ ರೇಡಿಯೇಟರಿನ ಕೂಲೆಂಟ್ ಸೇರಿರಬಹುದು. ಮೂಲ ಕಾರಣ ಸರಿಪಡಿಸದಿದ್ದರೆ ಹೊಸದಕ್ಕೂ ಅದೇ ಗತಿ.

ಹಾಗೆಂದು ದೀಪವನ್ನು ಕಡೆಗಣಿಸುವುದೂ ಸಲ್ಲದು. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋದರೆ ಅದು ಅತಿಯಾಗಿ ಕಾದು ಹಾಳಾಗುತ್ತದೆ. ಅದರ ಬೆಲೆ ಸಂವೇದಕಕ್ಕಿಂತ ಬಹಳ ಹೆಚ್ಚು. ದೀಪ ಮಿನುಗತೊಡಗಿದರೆ ಕಾರು ನಿಲ್ಲಿಸಿ ಮೆಕ್ಯಾನಿಕ್‌ರನ್ನು ಕರೆಸಿ. ಸುಮ್ಮನೆ ಉರಿಯುತ್ತಿದ್ದರೆ ಆ ವಾರದೊಳಗೇ ತೋರಿಸಿ. ಬದಲಿಸಬೇಕೆಂದು ಹೇಳಿದಾಗ "ಪರೀಕ್ಷೆಯಲ್ಲಿ ಏನು ಬಂತು?" ಎಂದು ಕೇಳಲು ಸಂಕೋಚ ಬೇಡ.