ವನ್ಯಜೀವಿ ಹಾನಿ ನಿರ್ವಹಣೆ: ಬೋನಿಗೆ ಮೊದಲು ಪಂಚಾಯಿತಿ ಮಾಡಬೇಕಾದ ಕೆಲಸ



ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಿಂದ ಬನ್ನೇರುಘಟ್ಟ ರಸ್ತೆ ಅಥವಾ ಕನಕಪುರ ರಸ್ತೆ ಹಿಡಿದು ಹೊರಟರೆ ಇಪ್ಪತ್ತು ಕಿಲೋಮೀಟರಿನೊಳಗೆ ಕಾಡಿನ ಅಂಚು ಎದುರಾಗುತ್ತದೆ. ಸುಮಾರು 260 ಚದರ ಕಿಲೋಮೀಟರ್ ವಿಸ್ತೀರ್ಣದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವು ಬೆಂಗಳೂರು ದಕ್ಷಿಣ, ಆನೇಕಲ್ ಮತ್ತು ಕನಕಪುರ ತಾಲ್ಲೂಕುಗಳ ಗ್ರಾಮಗಳನ್ನು ತಾಗಿಕೊಂಡಿದೆ. 2022ರ ಡಿಸೆಂಬರ್‌ನಲ್ಲಿ ತುರಹಳ್ಳಿ ಅರಣ್ಯದ ಸುತ್ತ ಚಿರತೆ ಕಾಣಿಸಿಕೊಂಡಿತು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರ ಮತ್ತು ಕೂಡ್ಲು ಗೇಟ್ ಭಾಗದಲ್ಲಿ ಮತ್ತೊಂದು ಚಿರತೆ ಸಂಚರಿಸಿತು. ನವೆಂಬರ್ 1ರಂದು ಅದನ್ನು ಹಿಡಿಯುವ ಪ್ರಯತ್ನದಲ್ಲಿ ಸಿಬ್ಬಂದಿ ಗಾಯಗೊಂಡರು. ಗುಂಡೇಟು ತಗುಲಿದ ಚಿರತೆ ಸತ್ತಿತು.

ಇಂತಹ ಸಂದರ್ಭದಲ್ಲಿ ಗ್ರಾಮಸ್ಥರು ಪಂಚಾಯಿತಿಯ ಮುಂದಿಡುವ ಮೊದಲ ಬೇಡಿಕೆ “ಬೋನು ಇಡಿಸಿ” ಎಂಬುದು. ಭಯದಲ್ಲಿರುವ ಜನರ ಈ ಬೇಡಿಕೆ ಸಹಜವಾದುದು. ಆದರೆ ಬೋನು ವನ್ಯಜೀವಿ ಹಾನಿ ನಿರ್ವಹಣೆಯ ಕೊನೆಯ ಮೆಟ್ಟಿಲು. ಅದಕ್ಕಿಂತ ಕೆಳಗಿನ ಮೆಟ್ಟಿಲುಗಳಲ್ಲಿ ಹೆಚ್ಚಿನವು ಗ್ರಾಮ ಪಂಚಾಯಿತಿಯ ಕೈಯಲ್ಲೇ ಇವೆ. ಇದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ಹಾನಿ ನಿರ್ವಹಣೆಯ ಮೇಲ್ವಿಚಾರಣೆ ಎಂದರೇನು?

ಅಮೆರಿಕದ ಕೃಷಿ ಇಲಾಖೆಯಲ್ಲಿ ವನ್ಯಪ್ರಾಣಿಗಳಿಂದಾಗುವ ಹಾನಿಯನ್ನು ನಿಭಾಯಿಸಲೆಂದೇ ಒಂದು ವಿಭಾಗವಿದ್ದು, ಅದರಲ್ಲಿ ಮೇಲ್ವಿಚಾರಕ ವನ್ಯಜೀವಿ ತಜ್ಞರ ಹುದ್ದೆಗಳಿವೆ. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿ, ವಲಯ ಅರಣ್ಯಾಧಿಕಾರಿ, ಇಲಾಖೆಯ ಪಶುವೈದ್ಯರು ಮತ್ತು ವನ್ಯಜೀವಿ ವಿಜ್ಞಾನಿಗಳು ಹಂಚಿಕೊಂಡು ನಿರ್ವಹಿಸುತ್ತಾರೆ. ಹುದ್ದೆಯ ಹೆಸರು ಯಾವುದಾದರೂ ಕೆಲಸದ ಕ್ರಮ ಒಂದೇ. ಹಾನಿ ಮಾಡಿದ ಪ್ರಾಣಿ ಯಾವುದು, ಅದು ಅಲ್ಲಿಗೆ ಏಕೆ ಬಂತು, ಆ ಕಾರಣವನ್ನು ತೆಗೆದುಹಾಕಲು ಸಾಧ್ಯವೇ, ಸಾಧ್ಯವಾಗದಿದ್ದರೆ ಮುಂದಿನ ಕ್ರಮವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಇದೇ ಅನುಕ್ರಮದಲ್ಲಿ ಉತ್ತರ ಕಂಡುಕೊಳ್ಳಬೇಕು. ಮೇಲ್ವಿಚಾರಕರು ಸಿಬ್ಬಂದಿಯ ಸುರಕ್ಷತೆಗೂ, ಪ್ರತಿ ಘಟನೆಯ ದಾಖಲೆಗೂ ಹೊಣೆಗಾರರು.

ಚಿರತೆ ಕಾಣಿಸಿಕೊಳ್ಳುವುದು, ಜಾನುವಾರನ್ನು ಕೊಲ್ಲುವುದು ಮತ್ತು ಮನುಷ್ಯರ ಮೇಲೆ ಎರಗುವುದು ಮೂರು ಬೇರೆ ಬೇರೆ ಸ್ಥಿತಿಗಳು. ಮೂರಕ್ಕೂ ಒಂದೇ ಕ್ರಮ ಸಲ್ಲದು. ಕೇವಲ ಕಾಣಿಸಿಕೊಂಡಿತೆಂಬ ಕಾರಣಕ್ಕೆ ಚಿರತೆಯನ್ನು ಹಿಡಿಯಬಾರದೆಂಬುದು 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯ ಆಶಯ.

2. ಯಾವ ಪ್ರಾಣಿ ಎಂಬುದನ್ನು ಗುರುತಿಸುವುದು

ಕುರಿ, ಮೇಕೆ ಸತ್ತಾಗಲೆಲ್ಲ ಚಿರತೆಯೇ ಕಾರಣವಲ್ಲ. ಚಿರತೆ ಸಾಮಾನ್ಯವಾಗಿ ಕುತ್ತಿಗೆ ಅಥವಾ ಗಂಟಲನ್ನು ಕಚ್ಚಿ ಕೊಂದು, ಬೇಟೆಯನ್ನು ಮರೆಗೆ ಎಳೆದೊಯ್ಯುತ್ತದೆ. ಬೀದಿನಾಯಿಗಳ ಗುಂಪು ಹಿಂಗಾಲು, ತೊಡೆ, ಹೊಟ್ಟೆಯ ಭಾಗಗಳಲ್ಲಿ ಹಲವೆಡೆ ಕಚ್ಚಿ ಹರಿದಿರುತ್ತದೆ. ಒಂದೇ ರಾತ್ರಿ ಹಲವು ಪ್ರಾಣಿಗಳು ಗಾಯಗೊಂಡಿರುತ್ತವೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರ ಹೆಜ್ಜೆಗುರುತಿನಲ್ಲಿ ಉಗುರಿನ ಗೆರೆ ಸಾಮಾನ್ಯವಾಗಿ ಕಾಣುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಅದು ಸ್ಪಷ್ಟವಾಗಿರುತ್ತದೆ.

ಆದುದರಿಂದ ಸತ್ತ ಜಾನುವಾರನ್ನು ಅರಣ್ಯ ಸಿಬ್ಬಂದಿ ಮತ್ತು ಪಶುವೈದ್ಯರು ಪರಿಶೀಲಿಸುವವರೆಗೆ ಸ್ಥಳದಿಂದ ಸರಿಸಬಾರದು. ಹೆಜ್ಜೆಗುರುತಿನ ಮೇಲೆ ಜನ ಓಡಾಡದಂತೆ ಬುಟ್ಟಿ ಅಥವಾ ತಗಡನ್ನು ಮುಚ್ಚಿಡಬೇಕು. ಕಳೇಬರಕ್ಕೆ ವಿಷ ಬೆರೆಸುವುದು ಶಿಕ್ಷಾರ್ಹ ಅಪರಾಧ. ಆ ವಿಷ ಊರಿನ ನಾಯಿ, ಹದ್ದು, ಇತರ ಜಾನುವಾರುಗಳನ್ನೂ ಕೊಲ್ಲುತ್ತದೆ.

3. ಹಿಡಿದು ಬೇರೆಡೆ ಬಿಟ್ಟರೆ ಏನಾಗುತ್ತದೆ?

ಬೆಂಗಳೂರಿನ ಸುತ್ತಲಿನ ಕಾಡು, ಕುರುಚಲು ಗುಡ್ಡಗಳಲ್ಲಿ ಸುಮಾರು 80ರಿಂದ 85 ಚಿರತೆಗಳಿವೆ ಎಂದು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡವು ಸ್ವಯಂಚಾಲಿತ ಕ್ಯಾಮೆರಾಗಳ ನೆರವಿನಿಂದ ಅಂದಾಜಿಸಿದೆ. ಪ್ರತಿ ವಯಸ್ಕ ಚಿರತೆಗೂ ತನ್ನದೇ ಆದ ಸಂಚಾರ ಪ್ರದೇಶವಿರುತ್ತದೆ. ಒಂದನ್ನು ಹಿಡಿದೊಯ್ದರೆ ಆ ಜಾಗವು ಬಹುಕಾಲ ಬರಿದಾಗಿ ಉಳಿಯುವುದಿಲ್ಲ. ಮತ್ತೊಂದು ಚಿರತೆ, ಹಲವು ವೇಳೆ ಊರಿನ ರೀತಿ ತಿಳಿಯದ ಎಳೆಯ ಚಿರತೆ, ಅಲ್ಲಿಗೆ ಬರುತ್ತದೆ. ಹಿಡಿದು ಬಿಟ್ಟ ಪ್ರಾಣಿಯೂ ಹೊಸ ಕಾಡಿನಲ್ಲಿ ನಿಲ್ಲದೆ, ಅಪರಿಚಿತ ಹಳ್ಳಿಗಳನ್ನು ಹಾದು ಹಿಂದಿರುಗಲು ಯತ್ನಿಸುತ್ತದೆ.

ಮಹಾರಾಷ್ಟ್ರದ ಜುನ್ನರ್ ಪ್ರದೇಶವು ಇದಕ್ಕೆ ನಿದರ್ಶನ. ಅಲ್ಲಿ 2001ರಿಂದ ಹಲವಾರು ಚಿರತೆಗಳನ್ನು ಹಿಡಿದು ಬೇರೆಡೆ ಬಿಡಲಾಯಿತು. ಅನಂತರ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದವು ಎಂಬುದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಅಂದರೆ ಕೇವಲ ಕಾಣಿಸಿಕೊಂಡ ಚಿರತೆಯನ್ನು ಹಿಡಿಸಿ ಸಾಗಿಸುವ ನಿರ್ಣಯವು ಮತ್ತೊಂದು ಊರಿನ ಮಕ್ಕಳನ್ನು ಅಪಾಯಕ್ಕೆ ಒಡ್ಡಬಹುದು.

ಮನುಷ್ಯರ ಮೇಲೆ ದಾಳಿ ನಡೆದಾಗ, ಅಥವಾ ಚಿರತೆ ಕಟ್ಟಡದೊಳಗೆ ಸಿಲುಕಿದಾಗ ಹಿಡಿಯುವುದು ಅನಿವಾರ್ಯ. ಆಗಲೂ ದೊಡ್ಡ ಅಡ್ಡಿ ಜನಸಂದಣಿಯೇ. ಅರಿವಳಿಕೆ ಮದ್ದು ತಗುಲಿದ ಕೂಡಲೇ ಪ್ರಾಣಿ ಕುಸಿಯುವುದಿಲ್ಲ. ಅದಕ್ಕೆ ಹಲವು ನಿಮಿಷಗಳು ಬೇಕು. ಆ ಅವಧಿಯಲ್ಲಿ ಕೂಗಾಟ ಕೇಳಿದರೆ ಅದು ಜನರ ಮೇಲೆಯೇ ನುಗ್ಗುತ್ತದೆ. 2016ರ ಫೆಬ್ರವರಿ 7ರಂದು ಬೆಂಗಳೂರಿನ ಪೂರ್ವ ಭಾಗದ ಶಾಲೆಯೊಂದಕ್ಕೆ ನುಗ್ಗಿದ್ದ ಚಿರತೆಯನ್ನು ಹಿಡಿಯುವಾಗ ಅನುಭವಿಗಳಾದ ಗುಬ್ಬಿಯವರೇ ತೀವ್ರವಾಗಿ ಗಾಯಗೊಂಡರು. ಜನರನ್ನು ದೂರವಿರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಪ್ರಕರಣದಡಿ ನಿಷೇಧಾಜ್ಞೆ ಹೊರಡಿಸಲು ಅವಕಾಶವಿದೆ. ಆದರೆ ಆಜ್ಞೆ ಬರುವ ಮೊದಲೇ ಜನರನ್ನು ಮನೆಗೆ ಕಳುಹಿಸಬಲ್ಲವರು ಊರಿನ ಸದಸ್ಯರು.

4. ಆನೆ ಹಾವಳಿ

ಬನ್ನೇರುಘಟ್ಟದ ಕಾಡು ದಕ್ಷಿಣದಲ್ಲಿ ಕಾವೇರಿ ವನ್ಯಜೀವಿ ಧಾಮದ ಕಡೆಗೂ, ತಮಿಳುನಾಡಿನ ತಳಿ ಅರಣ್ಯದ ಕಡೆಗೂ ಕೂಡಿಕೊಂಡಿದೆ. ಈ ದಾರಿಯಲ್ಲಿ ಆನೆಗಳು ತಲೆಮಾರುಗಳಿಂದ ಓಡಾಡುತ್ತಿವೆ. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 6,395 ಆನೆಗಳಿವೆ. ರಾಗಿ ತೆನೆಗಟ್ಟುವ ಕಾಲದಲ್ಲಿ ಹೊಲಗಳಿಗೆ ಅವುಗಳ ಭೇಟಿ ಹೆಚ್ಚುತ್ತದೆ.

ಕಂದಕ, ಸೌರ ಬೇಲಿ, ರೈಲು ಹಳಿ ಬೇಲಿಗಳು ನಿರ್ಮಿಸಿದ ದಿನದಷ್ಟೇ ಮುಂದೆಯೂ ಕೆಲಸ ಮಾಡುತ್ತವೆಂದು ಭಾವಿಸುವಂತಿಲ್ಲ. ಕಂದಕದ ಅಂಚು ಮಳೆಗೆ ಕುಸಿಯುತ್ತದೆ. ಹಳ್ಳ ಹಾಯುವಲ್ಲಿ, ಗಾಡಿ ದಾಟಲು ಮಣ್ಣು ತುಂಬಿದಲ್ಲಿ ಆನೆಗೆ ದಾರಿಯಾಗುತ್ತದೆ. ಸೌರ ಬೇಲಿಯ ತಂತಿಗೆ ಬಳ್ಳಿ, ಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕೆ ಹರಿದು ಬೇಲಿ ನಿರುಪಯುಕ್ತವಾಗುತ್ತದೆ. ತಿಂಗಳಿಗೊಮ್ಮೆ ಅರಣ್ಯ ಗಸ್ತು ಸಿಬ್ಬಂದಿಯೊಡನೆ ಬೇಲಿಯ ಉದ್ದಕ್ಕೂ ನಡೆದು ದೋಷಗಳನ್ನು ಬರೆದುಕೊಳ್ಳುವುದು ಹೊಸ ಬೇಲಿಯ ಬೇಡಿಕೆಗಿಂತ ಬೇಗ ಫಲ ಕೊಡುತ್ತದೆ. ಮನೆಯ ಅಥವಾ ಪಂಪ್‌ಸೆಟ್ಟಿನ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧ. ಇದರಿಂದ ಆನೆಗಳಷ್ಟೇ ಅಲ್ಲ, ಮನುಷ್ಯರೂ ಸಾಯುತ್ತಾರೆ.

ರಾತ್ರಿ ಬಂದ ಹಿಂಡನ್ನು ಎಲ್ಲ ದಿಕ್ಕುಗಳಿಂದ ಪಟಾಕಿ ಹಚ್ಚಿ ಓಡಿಸಿದರೆ ಹಿಂಡು ಒಡೆದು ಊರೊಳಗೇ ನುಗ್ಗುತ್ತದೆ. ಓಡಿಸುವ ಕೆಲಸ ಅರಣ್ಯ ಸಿಬ್ಬಂದಿಯ ನೇತೃತ್ವದಲ್ಲಿ, ಕಾಡಿನ ಕಡೆಯ ದಾರಿಯನ್ನು ತೆರೆದಿಟ್ಟು ನಡೆಯಬೇಕು.

5. ಕಾನೂನಿನ ಮಿತಿ

ಚಿರತೆ ಮತ್ತು ಆನೆ ಎರಡೂ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಒಂದನೇ ಅನುಸೂಚಿಯಲ್ಲಿವೆ. ಪ್ರಕರಣ 11ರ ಮೇರೆಗೆ, ಅಂತಹ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ ಅಥವಾ ಗುಣವಾಗದಷ್ಟು ಅಂಗವಿಕಲವೋ ರೋಗಗ್ರಸ್ತವೋ ಆಗಿದೆ ಎಂದು ಮನಗಂಡರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಅನುಮತಿ ನೀಡಬಹುದು. ಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಚಿತವಾದಲ್ಲಿ ಮಾತ್ರ ಕೊಲ್ಲುವ ಆದೇಶ ಸಾಧ್ಯ. ವಲಯ ಅರಣ್ಯಾಧಿಕಾರಿಗಾಗಲಿ ಗ್ರಾಮ ಪಂಚಾಯಿತಿಗಾಗಲಿ ಈ ಅಧಿಕಾರವಿಲ್ಲ. ಸದಸ್ಯರು ಜನರಿಗೆ ಇದನ್ನು ಮೊದಲೇ ತಿಳಿಸಿದರೆ ಘಟನೆಯ ದಿನ ಸಿಬ್ಬಂದಿಯೊಡನೆ ವಾಗ್ವಾದ ತಪ್ಪುತ್ತದೆ.

6. ದಯಾತ್ಮಕ ಧನ

ಬೆಳೆ ನಷ್ಟ, ಜಾನುವಾರು ಸಾವು, ಆಸ್ತಿ ಹಾನಿ, ಮನುಷ್ಯರ ಗಾಯ ಮತ್ತು ಸಾವಿಗೆ ಸರ್ಕಾರವು ದಯಾತ್ಮಕ ಧನ ನೀಡುತ್ತದೆ. ಪ್ರಾಣಹಾನಿಗೆ ನೀಡುವ ಮೊತ್ತವನ್ನು 2022ರ ಕೊನೆಯಲ್ಲಿ 7.5 ಲಕ್ಷ ರೂಪಾಯಿಗಳಿಂದ 15 ಲಕ್ಷಕ್ಕೆ ಏರಿಸಲಾಯಿತು. ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಚಾಲ್ತಿಯಲ್ಲಿರುವ ದರಪಟ್ಟಿಯನ್ನು ವಲಯ ಅರಣ್ಯ ಕಚೇರಿಯಿಂದ ಪಡೆದು ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು ಸೂಕ್ತ.

ಅರ್ಜಿಗೆ ಹಾನಿಯ ಛಾಯಾಚಿತ್ರ, ಪಹಣಿ, ಬ್ಯಾಂಕ್ ಖಾತೆಯ ವಿವರ, ಜಾನುವಾರು ಸತ್ತಿದ್ದರೆ ಪಶುವೈದ್ಯರ ವರದಿ ಮುಖ್ಯ. ಪಹಣಿ ತಂದೆಯ ಅಥವಾ ತಾತನ ಹೆಸರಿನಲ್ಲೇ ಉಳಿದಿರುವ ಕುಟುಂಬಗಳಿಗೂ, ಗುತ್ತಿಗೆ ಸಾಗುವಳಿದಾರರಿಗೂ ಇಲ್ಲಿ ತೊಡಕಾಗುತ್ತದೆ. ಓದು ಬರಹ ಬಾರದವರ ಅರ್ಜಿಯನ್ನು ಪಂಚಾಯಿತಿ ಕಚೇರಿಯಲ್ಲೇ ತುಂಬಿಕೊಡುವುದು ದೊಡ್ಡ ಉಪಕಾರ. ಬಂಡೀಪುರ ಮತ್ತು ನಾಗರಹೊಳೆಯ ಸುತ್ತ 2015ರಿಂದ ವನ್ಯಜೀವಿ ಅಧ್ಯಯನ ಕೇಂದ್ರವು ‘ವೈಲ್ಡ್ ಸೇವೆ’ ಎಂಬ ಯೋಜನೆಯ ಮೂಲಕ ರೈತರಿಗೆ ಈ ನೆರವನ್ನೇ ನೀಡುತ್ತ ಬಂದಿದೆ. ನಷ್ಟ ತುಂಬಿಬಂದ ರೈತ ವಿಷಕ್ಕೆ ಕೈಹಾಕುವ ಸಂಭವ ಕಡಿಮೆ.

7. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದಾದ ಅಂಶಗಳು

ಅ) ಮಾಂಸದಂಗಡಿ, ಕೋಳಿ ಅಂಗಡಿ, ಕಲ್ಯಾಣ ಮಂಟಪಗಳ ತ್ಯಾಜ್ಯವನ್ನು ಕೆರೆಯಂಗಳ, ರಸ್ತೆಬದಿಗಳಲ್ಲಿ ಸುರಿಯದಂತೆ ತಡೆಯುವುದು. ತ್ಯಾಜ್ಯವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ.

ಆ) ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಅನ್ವಯ ಬೀದಿನಾಯಿಗಳಿಗೆ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಕೈಗೊಳ್ಳುವುದು.

ಇ) ಕುರಿ, ಮೇಕೆಗಳನ್ನು ರಾತ್ರಿ ಬಯಲಿನಲ್ಲಿ ಕಟ್ಟದೆ, ಮೇಲ್ಛಾವಣಿ ಮತ್ತು ಭದ್ರವಾದ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಲು ತಿಳಿಸುವುದು. ಚಿರತೆ ಗೋಡೆ ಹತ್ತಬಲ್ಲದಾದ್ದರಿಂದ ಮೇಲ್ಛಾವಣಿಯಿಲ್ಲದ ಕೊಟ್ಟಿಗೆ ರಕ್ಷಣೆ ನೀಡುವುದಿಲ್ಲ.

ಈ) ಶಾಲೆ, ಅಂಗನವಾಡಿ, ಬಸ್ ನಿಲ್ದಾಣದ ದಾರಿಗಳಲ್ಲಿ ಪೊದೆ ತೆರವು ಮತ್ತು ಬೀದಿದೀಪಗಳ ದುರಸ್ತಿ, ತೆರೆದ ಬಾವಿಗಳಿಗೆ ಕಟ್ಟೆ.

ಉ) ಪ್ರತಿ ಘಟನೆಯ ದಿನಾಂಕ, ಸಮಯ, ಸ್ಥಳ, ಹಾನಿ ಮತ್ತು ಗುರುತುಗಳನ್ನು ಬರೆದಿಡಲು ಒಂದು ವಹಿ. ಎರಡು ಮೂರು ವರ್ಷಗಳಲ್ಲಿ ಯಾವ ತಿಂಗಳು, ಯಾವ ದಾರಿ ಎಂಬುದು ಅದರಿಂದ ತಾನೇ ತಿಳಿದುಬರುತ್ತದೆ.

ಊ) ಅರಣ್ಯ ಸಹಾಯವಾಣಿ 1926 ಮತ್ತು ತುರ್ತು ಸೇವೆ 112 ಸಂಖ್ಯೆಗಳನ್ನು ಪ್ರತಿ ಗ್ರಾಮದಲ್ಲಿ ಬರೆಸುವುದು.

ಇಷ್ಟನ್ನೂ ಮಾಡಿದ ಬಳಿಕವೂ ಮನುಷ್ಯರ ಜೀವಕ್ಕೆ ಅಪಾಯ ಉಳಿದರೆ ಬೋನಿನ ಬೇಡಿಕೆಗೆ ಬಲ ಬರುತ್ತದೆ. ಆಗ ಪಂಚಾಯಿತಿಯ ನಿರ್ಣಯದೊಡನೆ ಆ ವಹಿಯ ಪ್ರತಿಯನ್ನೂ ಲಗತ್ತಿಸಿ ಕಳುಹಿಸಿದರೆ, ತೀರ್ಮಾನ ಕೈಗೊಳ್ಳಬೇಕಾದ ಅಧಿಕಾರಿಗೆ ಅಗತ್ಯವಾದ ಆಧಾರ ಮೊದಲ ದಿನವೇ ದೊರೆಯುತ್ತದೆ.